ಹನ್ನೆರಡೂವರೆ ಮಿಲಿಮೀಟರ್

2009ರ ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ರಂಜಿತಳ ಲ್ಯಾಪ್‌ಟಾಪಿನ ಒಳಗಿಂದ ಮೊದಲ ಸಲ ‘ಟಕ್’ ಎಂಬ ಸದ್ದು ಬಂತು. ತಮಿಳುನಾಡಿನ ಗಡಿಯೂರು ಗೆಟ್ಟವಾಡಿಯ ಅವರ ಮನೆಯ ಜಗಲಿಯಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ಅವಳ ಗಂಡ ವೃಷಭೇಂದ್ರನಿಗೆ ಅದು ಅವಳಿಗಿಂತ ಮೊದಲೇ ಕೇಳಿಸಿತು. ಅವನು ಕೈಗಡಿಯಾರ ನೋಡಿಕೊಂಡ. ಹದಿನಾಲ್ಕು ಸೆಕೆಂಡಿಗೆ ಇನ್ನೊಂದು ಸಲ ಬಂತು. ಮತ್ತೆ ಹದಿನಾಲ್ಕು ಸೆಕೆಂಡಿಗೆ ಮೂರನೆಯದು.

ತಾಳವಾಡಿಯ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಅವನಿಗೆ ಯಾವುದನ್ನೂ ಅಳೆಯದೆ ಬಿಟ್ಟು ಅಭ್ಯಾಸವಿರಲಿಲ್ಲ. ಹೊಲದ ಬದುವಿಗೆ ನೆಟ್ಟ ಮಳೆಮಾಪಕದ ಲೆಕ್ಕವನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ. ಅನ್ನಕ್ಕೆ ನೀರನ್ನೂ ಅಳೆದು ಹೊಯ್ಯುವವನು ಎಂದು ಅವನ ತಾಯಿ ಶಿವಮಲ್ಲಮ್ಮ ಬಂದವರ ಎದುರು ಆಡಿಕೊಳ್ಳುತ್ತಿದ್ದಳು.

“ಕೇಳಿ ಇಲ್ಲಿ, ಇದ್ಯಾಕ ಇಂಗ ಸದ್ದು ಮಾಡ್ತದ?” ಎಂದು ರಂಜಿತ ಒಳಗಿಂದ ಕೂಗಿದಳು.

ಹಾರ್ಡ್ ಡಿಸ್ಕ್ ಹೋಗುತ್ತಿದೆ, ಬದಲಾಯಿಸಬೇಕು ಎಂದು ಅವನು ಬಾಯಿ ಮುಕ್ಕಳಿಸಿ ಹೇಳುವಷ್ಟರಲ್ಲಿ ಅವಳು ಯಂತ್ರವನ್ನು ಮುಚ್ಚಿ ಎದ್ದಿದ್ದಳು.

“ಮಲ್ಲುನ ಒಂದ್ ಮಾತು ಕೇಳ್ಬುಡ್ತೀನಿ ತಡೀರಿ.”

“ನಾನಿಲ್ವಾ?”

“ನೀವು ಅಳೀತೀರಿ. ಅವ್ನು ರಿಪೇರಿ ಮಾಡ್ತನ.”

ಅವಳು ನಗುತ್ತಲೇ ಹೇಳಿದ್ದು. ಆದರೆ ಆ ಮಾತು ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ತುದಿಯಂತೆ ಒಳಗೇ ಮುರಿದುಕೊಂಡಿತು.

ಮಲ್ಲು ಎಂದರೆ ಶಿವಮಲ್ಲು, ಪಕ್ಕದ ತಿಗನಾರೆಯವನು. ಅವನ ತಾಯಿ ಬೊಮ್ಮಮ್ಮ ಇದೇ ಮನೆಯ ಹೊಲದಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತವಳು. ಶಿವಮಲ್ಲು ವೃಷಭೇಂದ್ರನ ಕೈಕೆಳಗೇ ಓದಿದ. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರನ್ನು ಹಿಡಿಯುವುದು ಹೇಗೆಂದು ಆ ಹುಡುಗನ ಬೆರಳನ್ನು ತಾನೇ ಹಿಡಿದು ತೋರಿಸಿದ್ದು ಮೇಷ್ಟರಿಗೆ ಇನ್ನೂ ನೆನಪಿತ್ತು. ಮುಂದೆ ಚಾಮರಾಜನಗರದ ಕಾಲೇಜಿನಲ್ಲಿ ಅವನು ರಂಜಿತಳಿಗಿಂತ ಎರಡು ವರ್ಷ ಹಿಂದಿದ್ದ. ಈಗ ಅದೇ ಊರಿನ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ರಂಜಿತಳನ್ನು ‘ಅಕ್ಕ’ ಎನ್ನುತ್ತಿದ್ದ. ಸಂಶಯಪಡುವಂಥದ್ದು ಏನೂ ಇಲ್ಲವೆಂದು ವೃಷಭೇಂದ್ರನಿಗೆ ಗೊತ್ತಿತ್ತು, ಅವನು ಸಂಶಯಪಡಲೂ ಇಲ್ಲ. ಅವನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಮನೆಯಲ್ಲಿ ಒಂದು ವಸ್ತು ಕೆಟ್ಟಾಗ ಹೆಂಡತಿಯ ಬಾಯಲ್ಲಿ ಮೊದಲು ಬಂದ ಹೆಸರು ತನ್ನದಾಗಿರಲಿಲ್ಲ. ಅದು ಕಳೆ ಕೀಳುವವಳ ಮಗನದಾಗಿತ್ತು. ಹೀಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಊರಿನಲ್ಲಿ ಮೊಬೈಲು ಸರಿಯಾಗಿ ಸಿಗುತ್ತಿದ್ದದ್ದು ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಮಾತ್ರ. ಅಲ್ಲಿ ಗಡಿಯಾಚೆಯ ಕರ್ನಾಟಕದ ಟವರು ಹಿಡಿಯುತ್ತಿತ್ತು. ರಂಜಿತ ಅಲ್ಲಿ ನಿಂತು ಮಾತಾಡಿದಳು. ಜಗಲಿಗೆ ಮಾತು ಕೇಳದು, ನಗು ಕೇಳುತ್ತದೆ. ಹನ್ನೊಂದು ನಿಮಿಷ, ನಾಲ್ಕು ನಗು. ನಾಲ್ಕನೆಯದು ದೊಡ್ಡದು, ಅದಕ್ಕೆ ಅವಳು ತೊಟ್ಟಿಯ ಅಂಚನ್ನು ಹಿಡಿದುಕೊಂಡಳು.

ಹಿಂತಿರುಗಿದವಳ ಕೈಯಲ್ಲಿ ಒಂದು ಚೀಟಿಯಿತ್ತು. ಶಿವಮಲ್ಲು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು. ಇನ್ನು ಲ್ಯಾಪ್‌ಟಾಪನ್ನು ಒಂದು ಸಲವೂ ಆನ್ ಮಾಡಬಾರದಂತೆ, ಪ್ರತಿ ಸಲ ತಿರುಗಿದಾಗಲೂ ಡಿಸ್ಕಿನ ಆಯಸ್ಸು ಕಡಿಮೆಯಾಗುತ್ತದಂತೆ. ನೂರ ಅರವತ್ತು ಜಿ.ಬಿ.ಯದು ಸಾಕಂತೆ. ಅವನೇ ತಂದು ಹಾಕಿಕೊಡುತ್ತಾನಂತೆ. ಇಷ್ಟೊಂದು ‘ಅಂತೆ’ಗಳನ್ನು ವೃಷಭೇಂದ್ರ ತಾಳಿಕೊಳ್ಳಲಾರದೆ ಹೋದ. ಡಿಸ್ಕನ್ನು ತಾನೇ ಆರಿಸಿ ತರುವುದಾಗಿ, ಬೇರೆಯವರನ್ನು ಕರೆಯುವುದು ಬೇಡವೆಂದು ಹೇಳಿದ.

“ನೀವೇ ತಂದ್ರೂ ಸೈ. ಶುಕ್ರವಾರಕ್ಕ ಆಗ್ಬೇಕು, ಅಷ್ಟೆಯ. ಈ ಚೀಟಿ ಮಡಿಕೊಳಿ.”

ಅವನು ಚೀಟಿಯನ್ನು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

ಶುಕ್ರವಾರದ ಗಡುವಿಗೆ ಕಾರಣವಿತ್ತು. ರಂಜಿತ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಒಂದು ಸಣ್ಣ ಸಂಸ್ಥೆಯವರು ಎರಡು ವರ್ಷದ ಹಿಂದೆ ಅವಳಿಗೆ ಈ ಲ್ಯಾಪ್‌ಟಾಪ್ ಕೊಟ್ಟು ತಿಗನಾರೆಯ ಹೊಲಗಳಿಗೆ ಆನೆ ಯಾವಾಗ, ಎಲ್ಲಿಂದ, ಎಷ್ಟು ಬರುತ್ತವೆಂದು ದಾಖಲಿಸಲು ನೇಮಿಸಿದ್ದರು. ಆನೆ ತಡೆಯುವ ಕಂದಕ ಎಲ್ಲಿ ತೋಡಬೇಕೆಂದು ತೀರ್ಮಾನಿಸುವ ಸಭೆ ಶುಕ್ರವಾರ ಹನ್ನೊಂದು ಗಂಟೆಗೆ ತಾಳವಾಡಿಯಲ್ಲಿ ಇತ್ತು. ಅಧಿಕಾರಿಗಳು ಮೊದಲು ನಕ್ಷೆಯಲ್ಲಿ ಎಳೆದ ಗೆರೆ ಕೂಲಿಯವರ ತುಂಡು ಹೊಲಗಳನ್ನು ಕಂದಕದ ಆಚೆಗೆ, ಕಾಡಿನ ಕಡೆಗೆ ಬಿಟ್ಟುಬಿಟ್ಟಿತ್ತು. ಆನೆಗಳು ಹೆಚ್ಚಾಗಿ ಬರುವುದು ಅಲ್ಲಿಗೇ ಎಂದು ತೋರಿಸಲು ರಂಜಿತಳ 1,140 ಸಾಲುಗಳ ದಾಖಲೆ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಅದರ ಪ್ರತಿಯನ್ನು ಸಿ.ಡಿ.ಗೆ ಹಾಕಿದ್ದು ಜೂನಿನಲ್ಲಿ. ರಾಗಿ ಬಿತ್ತಿದ ಮೇಲಿನ ನಾಲ್ಕು ತಿಂಗಳ ಲೆಕ್ಕವೆಲ್ಲ ಆ ಟಕ್ ಟಕ್ ಅನ್ನುವ ಡಿಸ್ಕಿನಲ್ಲೇ ಇತ್ತು. ನಕ್ಷೆ ತೋರಿಸುವ ತಂತ್ರಾಂಶವೂ ಆ ಒಂದು ಯಂತ್ರದಲ್ಲೇ ನಡೆಯುವಂತೆ ಸಂಸ್ಥೆಯವರು ಮಾಡಿಟ್ಟಿದ್ದರು.

ಇದೆಲ್ಲ ವೃಷಭೇಂದ್ರನಿಗೆ ಗೊತ್ತಿತ್ತು. ಗೊತ್ತಿದ್ದೂ ಮಂಗಳವಾರ ಬೆಳಿಗ್ಗೆ 5 ಗಂಟೆ 52 ನಿಮಿಷಕ್ಕೆ, ರಂಜಿತ ಹಸುವಿನ ಕೆಚ್ಚಲು ತೊಳೆಯುತ್ತಿದ್ದಾಗ, ಅವನು ಲ್ಯಾಪ್‌ಟಾಪನ್ನು ಆನ್ ಮಾಡಿದ. ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆಯೆಂದು ತಿಳಿದರೆ ಆರಿಸಲು ಅನುಕೂಲ ಎಂದು ತನಗೆ ತಾನೇ ಹೇಳಿಕೊಂಡ. ಅದನ್ನು ನೋಡಿದ್ದೂ ಆಯಿತು: ಅರವತ್ತೊಂದು ಜಿ.ಬಿ. ಅಲ್ಲಿಗೇ ಮುಚ್ಚಬಹುದಿತ್ತು. ಆದರೆ ಕಣ್ಣಿಗೆ ‘ಮಲ್ಲು’ ಎಂಬ ಹೆಸರಿನ ಕಡತ ಬಿತ್ತು.

ತೆರೆದ. ಉದ್ದನೆಯ ಪಟ್ಟಿ. ತಾರೀಕು, ಹೊತ್ತು, ಹೊಲ, ದಿಕ್ಕು, ಆನೆಗಳ ಸಂಖ್ಯೆ. ‘ಹೊಲ’ ಎಂಬ ಚೌಕವನ್ನು ಒತ್ತಿದರೆ ಹೆಸರುಗಳು ಸಾಲಾಗಿ ಇಳಿದವು: ಚೌಡಮ್ಮನ ಬೇಲಿ, ಹುಣಸೆಮರದ ತಿಟ್ಟು, ಮಾದಿಯ ಕಲ್ಲುಗುಡ್ಡೆ. ಸರ್ವೆ ನಂಬರು ಒಂದೂ ಇಲ್ಲ. ಕಾವಲಿಗೆ ಅಟ್ಟಣೆ ಹತ್ತುವ ಹೆಂಗಸರು ಹೊಲವನ್ನು ಯಾವ ಹೆಸರಿನಿಂದ ಹೇಳುತ್ತಾರೋ ಅದೇ ಹೆಸರಿನಲ್ಲಿ ಬರೆದುಕೊಳ್ಳಲು ಶಿವಮಲ್ಲು ರಂಜಿತಳಿಗೆ ಈ ಪಟ್ಟಿಯನ್ನು ಕಟ್ಟಿಕೊಟ್ಟಿದ್ದ. ಅಚ್ಚುಕಟ್ಟಾದ ಕೆಲಸ. ತಾನಾಗಿದ್ದರೆ ಸರ್ವೆ ನಂಬರನ್ನೇ ಹಾಕುತ್ತಿದ್ದೆ, ಹೆಂಗಸರು ಹೇಳಿದ್ದು ಅರ್ಧ ತಪ್ಪಿಹೋಗುತ್ತಿತ್ತು ಎಂದು ವೃಷಭೇಂದ್ರನಿಗೆ ಹೊಳೆಯಿತು. ಕಡತದಲ್ಲಿ ಬೇರೇನೂ ಇರಲಿಲ್ಲ. ಏನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಕೋಪ ಮಾಡಿಕೊಳ್ಳಲು ಒಂದು ನೆಪವಾದರೂ ಆಗುತ್ತಿತ್ತು.

ಅಷ್ಟರಲ್ಲಿ ಟಕ್ ಸದ್ದಿನ ಅಂತರ ಒಂಬತ್ತು ಸೆಕೆಂಡಿಗೆ ಇಳಿದಿತ್ತು. ಪರದೆ ನಿಂತೇಹೋಯಿತು, ಆಮೇಲೆ ನೀಲಿಯಾಯಿತು. ಅವನು ಗುಂಡಿ ಒತ್ತಿ ಆರಿಸಿ, ಮುಚ್ಚಳದ ಮೇಲೆ ಬೆರಳಚ್ಚು ಕೂಡ ಉಳಿಯದಂತೆ ಪಂಚೆಯ ಅಂಚಿನಿಂದ ಒರೆಸಿ ಇಟ್ಟ. ಯಾರಿಗೂ ಹೇಳಲಿಲ್ಲ.

ಅಂದು ಸಂಜೆ ರಂಜಿತ ತಿಗನಾರೆಯಿಂದ ಬರುವ ಮೊದಲು, ಶಾಲೆಯಿಂದ ತಂದ ವರ್ನಿಯರನ್ನು ಹಿಡಿದು ಕುಳಿತ. ಅಡಿಯ ಮುಚ್ಚಳ ಬಿಚ್ಚಿ ಡಿಸ್ಕನ್ನು ಎಳೆದ. ಬೂದುಬಣ್ಣದ ಲೋಹದ ಚಪ್ಪಟೆ ಪೆಟ್ಟಿಗೆ. ಪಕ್ಕದಲ್ಲಿ ಎಳ್ಳಿನಷ್ಟು ಚಿಕ್ಕ ನಾಲ್ಕು ತಿರುಪುಗಳು ಕಂಡವು. ಮನೆಯಲ್ಲಿದ್ದ ತಿರುಪುಳಿ ಅವಕ್ಕೆ ದಪ್ಪವಾಯಿತು, ಬಿಟ್ಟ. ಆ ವರ್ನಿಯರಿಗೆ 0.2 ಮಿಲಿಮೀಟರಿನ ಶೂನ್ಯದೋಷವಿತ್ತು, ನಡುವೆ ಏನೂ ಇಡದಿದ್ದರೂ ಅಷ್ಟು ತೋರಿಸುತ್ತಿತ್ತು. ಮಕ್ಕಳು ಅದನ್ನು ಕಳೆಯಲು ಮರೆತರೆ ಅವನು ಅರ್ಧ ಅಂಕ ಕಳೆಯುತ್ತಿದ್ದ. ಮೂರು ಕಡೆ ಹಿಡಿದು ಮೂರು ಸಲ ಓದಿದ. ಮೂರೂ ಸಲ 12.7. ದೋಷ ಕಳೆದರೆ ಹನ್ನೆರಡೂವರೆ.

ಅವನ ಮುಖ ಅರಳಿತು. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಒಂಬತ್ತೂವರೆ ದಪ್ಪದವು, ಹನ್ನೆರಡೂವರೆ ದಪ್ಪದವು ಎಂದು ಎರಡು ಬಗೆಯೆಂದು ಅವನು ಸ್ಟಾಫ್ ರೂಮಿನಲ್ಲಿ ಬಿದ್ದಿದ್ದ ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ್ದ. ಹೊಸದಾಗಿ ಬಂದ ಭಾರಿ ಡಿಸ್ಕುಗಳೆಲ್ಲ ಹನ್ನೆರಡೂವರೆಯವು. ಅಂದರೆ ಈ ಯಂತ್ರಕ್ಕೆ ಏಳುನೂರ ಐವತ್ತು ಜಿ.ಬಿ.ಯದೇ ಹಿಡಿಯುತ್ತದೆ. ಅಂಗಡಿ ಇಟ್ಟವನು ನೂರ ಅರವತ್ತು ಸಾಕು ಎಂದಿದ್ದ. ಅವನು ಅಳೆದಿರಲಿಲ್ಲ.

ಚಾಮರಾಜನಗರ ಒಂದು ಗಂಟೆಯ ದಾರಿ. ಅಲ್ಲಿಗೆ ಹೋದರೆ ಶಿವಮಲ್ಲುವಿನ ಅಂಗಡಿಯ ಹತ್ತಿರವೇ ಬಸ್ಸು ಇಳಿಯಬೇಕು. ವೃಷಭೇಂದ್ರ ಬುಧವಾರ ರಜೆ ಹಾಕಿ ಎದುರು ದಿಕ್ಕಿನ ಬಸ್ಸು ಹತ್ತಿದ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ, ದೀಪಾವಳಿಯ ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಕೊಯಮತ್ತೂರು ಸೇರುವಾಗ ಮಧ್ಯಾಹ್ನವಾಗಿತ್ತು. ಹಳೆಯ ಡಿಸ್ಕನ್ನು ತಂದಿದ್ದೀರಾ, ಪಕ್ಕಪಕ್ಕ ಇಟ್ಟು ನೋಡಿಬಿಡೋಣ ಎಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ. ವೃಷಭೇಂದ್ರ ತರಬೇಕಾದ ಅಗತ್ಯವೇ ಕಂಡಿರಲಿಲ್ಲ. “ಅಳಂದಾಚ್ಚು” ಎಂದ, ಅಳೆದಾಗಿದೆ. ಮೂರು ಸಲ ಅಳೆದಾಗಿದೆ ಎಂದೂ ಸೇರಿಸಿದ. ಅಂಗಡಿಯವನು ಭುಜ ಕುಣಿಸಿ, ಹಿಂದಿನ ಕಪಾಟಿನಿಂದ ಏಳುನೂರ ಐವತ್ತು ಜಿ.ಬಿ.ಯದನ್ನು ತೆಗೆದುಕೊಟ್ಟ. ಬಸ್ಸಿನಲ್ಲಿ ಮರಳುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾಳೆ ಇದನ್ನು ಕಂಡಾಗ ರಂಜಿತಳ ಮುಖ ಹೇಗಾದೀತೆಂದು ಅವನು ದಾರಿಯುದ್ದಕ್ಕೂ ಊಹಿಸಿದ. ಅದಕ್ಕಿಂತ ಹೆಚ್ಚಾಗಿ ಶಿವಮಲ್ಲುವಿನ ಮುಖವನ್ನು ಊಹಿಸಿದ.

ಗುರುವಾರ ಬೆಳಿಗ್ಗೆ ಜಗಲಿಯಲ್ಲಿ ಬಟ್ಟೆ ಹಾಸಿ ಎರಡನ್ನೂ ಪಕ್ಕಪಕ್ಕ ಇಟ್ಟ. ಒಂದೇ ನೋಟಕ್ಕೆ ಎಡವಟ್ಟು ಕಂಡಿತು.

ಹೊಸದು ಬರಿಮೈಯಲ್ಲಿತ್ತು. ಹಳೆಯದಕ್ಕೆ ಅಂಗಿಯಿತ್ತು. ಅವನು ಡಿಸ್ಕಿನ ಮೈ ಎಂದುಕೊಂಡದ್ದು ಡಿಸ್ಕನ್ನು ಕೂರಿಸುವ ಟ್ರೇ. ಅದರ ತಳದ ತಗಡು, ಮೇಲಿನ ತಗಡು, ನಡುವೆ ರಬ್ಬರು. ಆ ಎಳ್ಳುಗಾತ್ರದ ತಿರುಪುಗಳು ಇದ್ದದ್ದು ಅದನ್ನು ಬಿಚ್ಚುವುದಕ್ಕೆ. ಮೂರು ಸಲ ಅಳೆದಿದ್ದ, ಶೂನ್ಯದೋಷ ಕಳೆದಿದ್ದ, ಅಂಗಿಯ ಸಮೇತ ಅಳೆದಿದ್ದ. ಟ್ರೇ ಇಲ್ಲದೆ ಹೊಸದನ್ನು ಕೂರಿಸಿ ನೋಡಿದ. ಯಂತ್ರದೊಳಗಿನ ಜೋಡಣೆಯ ಮುಳ್ಳುಗಳು ಟ್ರೇಯ ತಗಡಿನ ಎತ್ತರಕ್ಕಿದ್ದವು; ಅವಕ್ಕೆ ಸೇರಿಸಿದರೆ ಡಿಸ್ಕು ತಳ ಬಿಟ್ಟು ಮೇಲೆದ್ದಿತು, ಮುಚ್ಚಳ ಸೇರಲಿಲ್ಲ. ಸಂದು ಎಷ್ಟೆಂದು ಕೈ ತಾನಾಗಿಯೇ ವರ್ನಿಯರಿಗೆ ಹೋಯಿತು. ಒಂದೂವರೆ ಮಿಲಿಮೀಟರ್.

ಆಗ ಜೇಬಿನ ಚೀಟಿ ನೆನಪಾಯಿತು. ನಾಲ್ಕು ಮಡಿಕೆ ಬಿಡಿಸಿದ. ರಂಜಿತಳ ಗುಂಡು ಅಕ್ಷರದಲ್ಲಿ ಶಿವಮಲ್ಲುವಿನ ಮಾತು: ‘160. ದಪ್ಪ 9.5, ಟ್ರೇ ಬಿಟ್ಟು. ತರೋಕೆ ಮುಂಚೆ ಸಾರ್ ಕೈಲಿ ಒಂದು ಸಲ ಅಳೆಸಿ. ಅವ್ರು ಅಳೆದ್ರೆ ನಾನು ಕಣ್ಣುಮುಚ್ಚಿ ತತ್ತೀನಿ.’

ಅವನು ಅದನ್ನು ಎರಡು ಸಲ ಓದಿದ. ಬೈದು ಬರೆದಿದ್ದರೆ ತಡೆದುಕೊಳ್ಳಬಹುದಿತ್ತು. ಈ ನಂಬಿಕೆಯೂ ಅವನಿಗೆ ತಾಕಿದ್ದು ಅಸೂಯೆಯಾಗಿಯೇ: ಒಳ್ಳೆಯತನದಲ್ಲೂ ಅವನೇ ಮುಂದೆ.

ರಂಜಿತ ಕಾಫಿ ಹಿಡಿದು ಬಂದು, ಕೂತಿತೇ ಎಂದು ಕೇಳಿದಳು.

“ಅಳತೆ ತಪ್ಪಿಲ್ಲ. ಹನ್ನೆರಡೂವರೆ ಸರಿಯಾಗೇ ಅದ. ಅಂಗ್ಡಿಯವ್ನು ಬ್ಯಾರೆ ಏನೋ ಕೊಟ್ಟವ್ನ.”

ಬಾಯಿಂದ ಸಲೀಸಾಗಿ ಬಂದುಹೋಯಿತು. ಚೀಟಿ ಆಗಲೇ ಜೇಬು ಸೇರಿತ್ತು. ರಂಜಿತ ಕಾಫಿಯನ್ನು ಕೆಳಗಿಟ್ಟಳು, ಅವನನ್ನು ನೋಡಲಿಲ್ಲ, ಬಿಚ್ಚಿದ ಲ್ಯಾಪ್‌ಟಾಪನ್ನು ನೋಡಿದಳು. ನಾಳೆ ಹನ್ನೊಂದಕ್ಕೆ ಸಭೆ ಎಂದಷ್ಟೇ ಹೇಳಿ, ಮೊಬೈಲು ತೆಗೆದುಕೊಂಡು ತೊಟ್ಟಿಯ ಕಡೆಗೆ ಹೋದಳು. ಈ ಸಲ ಮಾತು ಎರಡು ನಿಮಿಷಕ್ಕೆ ಮುಗಿಯಿತು. ನಗು ಕೇಳಲಿಲ್ಲ. ಅದನ್ನೂ ಅವನು ಎಣಿಸಿದ್ದ.

“ಆನೆಕಿಂತ ನಿಂದೇ ದೊಡ್ಡ ಕಾಟ ಕಣ್ಲಾ ಆ ಎಣ್ಣಿಗ,” ಎಂದಳು ಶಿವಮಲ್ಲಮ್ಮ, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ.

ಶಿವಮಲ್ಲು ದೀಪಾವಳಿಗೆಂದು ತಿಗನಾರೆಗೆ ಬಂದಿದ್ದವನು ಒಂದೂಕಾಲಿಗೆಲ್ಲ ಬೈಕಿನಲ್ಲಿ ಬಂದ. ಹಿಂದೆ ಬೊಮ್ಮಮ್ಮ ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಕುಳಿತಿದ್ದಳು. ಆನೆ ತಿಂದು ಬಿಟ್ಟದ್ದರಲ್ಲಿ ಇದೊಂದು ಉಳಿದಿತ್ತು, ಮೇಷ್ಟರ ಮನೆಗಿರಲಿ ಎಂದು ತಂದೆ ಎಂದು ಶಿವಮಲ್ಲಮ್ಮನ ಕೈಗೆ ಕೊಟ್ಟಳು. ಶಿವಮಲ್ಲು ಅಂಗಡಿಯ ಲ್ಯಾಪ್‌ಟಾಪು, ಎರಡು ಕೇಬಲು, ಕಡ್ಡಿಯಷ್ಟು ಸಣ್ಣ ತಿರುಪುಳಿ ತೆಗೆದ. ಹನ್ನೆರಡೂವರೆಯೇ ಸರಿ ಎಂದು ಮೇಷ್ಟರು ಅಂದದ್ದನ್ನು ಅಕ್ಕ ಫೋನಿನಲ್ಲಿ ಹೇಳಿದ್ದಳು. ಜಗಲಿಯ ಮೇಲೆ ಟ್ರೇ ಸಮೇತ ಬಿದ್ದಿದ್ದ ಹಳೆಯ ಡಿಸ್ಕನ್ನು, ಪಕ್ಕದ ವರ್ನಿಯರನ್ನು, ದಪ್ಪನೆಯ ಹೊಸ ಡಿಸ್ಕನ್ನು ಒಮ್ಮೆ ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತೆಂದು ಮೇಷ್ಟರಿಗೂ ಅರ್ಥವಾಯಿತು. ಅವನು ನಾಲ್ಕು ತಿರುಪು ಬಿಚ್ಚಿ ಟ್ರೇಯನ್ನು ಕಳಚಿ ಪಕ್ಕಕ್ಕಿಟ್ಟ. ಏಳುನೂರ ಐವತ್ತು ಸಿಕ್ಕಿದ್ದು ಒಳ್ಳೆಯದೇ ಆಯಿತು, ಒಳಗೆ ಕೂರದಿದ್ದರೂ ಹೊರಗಿಂದ ಕೇಬಲು ಹಾಕಿ ಎಲ್ಲವನ್ನೂ ಅದಕ್ಕೇ ಇಳಿಸಿಕೊಳ್ಳಬಹುದು ಎಂದ. ವೃಷಭೇಂದ್ರನಿಗೆ ಆ ಮಾತೂ ಹಿಡಿಸಲಿಲ್ಲ.

ಇಳಿಸಲು ಎರಡು ಗಂಟೆ ಐವತ್ತು ನಿಮಿಷ ಹಿಡಿಯಿತು. ಶಿವಮಲ್ಲು, ರಂಜಿತ ಇಬ್ಬರೂ ಪರದೆಗೆ ಬಾಗಿ ಕುಳಿತಿದ್ದರು. ವೃಷಭೇಂದ್ರ ಕಂಬಕ್ಕೆ ಒರಗಿ, ಇಬ್ಬರ ತಲೆಗಳ ನಡುವಿನ ಅಂತರ ಎರಡು ಅಡಿ ಇರಬಹುದೆಂದು ಅಂದಾಜು ಮಾಡುತ್ತಿದ್ದ. ‘ಮಲ್ಲು’ ಕಡತ ಬಂದಾಗ ಅದನ್ನು ಕೊನೆಯ ಸಲ ತೆರೆದ ಹೊತ್ತೂ ಪರದೆಯ ಮೇಲೆ ಮೂಡಿತು: ಮಂಗಳವಾರ, ಬೆಳಿಗ್ಗೆ 5.58. ಆಗ ರಂಜಿತ ಬೊಮ್ಮಮ್ಮನಿಗೆ ನೀರು ತರಲು ಎದ್ದಿದ್ದಳು. ಶಿವಮಲ್ಲು ತಲೆಯೆತ್ತಿ ತನ್ನ ಮೇಷ್ಟರನ್ನು ನೋಡಿದ. ಮರುಕ್ಷಣ ಆ ಕಿಟಕಿಯನ್ನು ಮುಚ್ಚಿದ. ರಂಜಿತ ನೀರು ತಂದಾಗ ಪರದೆಯ ಮೇಲೆ ಬರೀ ಪಟ್ಟಿಯಿತ್ತು.

1,140ರಲ್ಲಿ ಮೂರು ಸಾಲು ಓದಲಾಗಲಿಲ್ಲ. ಆಗಸ್ಟಿನ ನಾಲ್ಕನೆಯ ವಾರದ್ದು. ರಂಜಿತ ತಲೆ ಹಿಡಿದುಕೊಂಡಳು. ಬೊಮ್ಮಮ್ಮ ನೀರಿನ ಲೋಟ ಕೆಳಗಿಟ್ಟು, ಯಾವ ವಾರ ಎಂದು ಮಗನನ್ನು ಕೇಳಿ ತಿಳಿದುಕೊಂಡಳು. ಗೌರಿ ಹಬ್ಬದ ಮಾರನೆಯ ದಿನ ಎರಡು ಬಂದಿದ್ದವು, ಒಂದು ಮರಿ, ಚೌಡಮ್ಮನ ಬೇಲಿ ಕಡೆಯಿಂದ. ಇನ್ನೆರಡು ಸಲ ಒಂಟಿ ಸಲಗ, ಕಲ್ಲುಗುಡ್ಡೆಯಿಂದ ಎಂದು ಹೊತ್ತು ಸಮೇತ ಹೇಳಿದಳು. ರಂಜಿತ ಬರೆದುಕೊಂಡಳು. ಮೂರು ಸಾಲು ತುಂಬಿದವು. ಅವು ಹಾಳಾದದ್ದು ಯಾರಿಂದ ಎಂದು ಗೊತ್ತಿದ್ದವರು ಆ ಜಗಲಿಯಲ್ಲಿ ಇಬ್ಬರು.

ಉಳಿದದ್ದು ಒಳಗೆ ಕೂರುವ ಡಿಸ್ಕು. ಗಂಟೆ ನಾಲ್ಕೂ ಇಪ್ಪತ್ತು. ಚಾಮರಾಜನಗರದ ಐದೂಕಾಲರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೆ ಆರೂವರೆಗೆ ಊರ ಬಾಗಿಲಿಗೆ ಬರುತ್ತದೆ. ಈ ಕಡೆಯ ಊರುಗಳಿಗೆ ಔಷಧಿ, ಪಂಪಿನ ಬಿಡಿಭಾಗ, ಮದುವೆ ಪತ್ರಿಕೆ ಎಲ್ಲ ಬರುವುದೂ ಹಾಗೆಯೇ. ಶಿವಮಲ್ಲು ತೊಟ್ಟಿಯ ಹತ್ತಿರ ಹೋಗಿ ಅಂಗಡಿಗೆ ಫೋನು ಹಚ್ಚಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಮೇಷ್ಟರನ್ನು ಕರೆದ, ಡಿಸ್ಕನ್ನೂ ವರ್ನಿಯರನ್ನೂ ತನ್ನಿ ಎಂದ.

ವೃಷಭೇಂದ್ರ ಹೋದ. ರಂಜಿತ ಸಂಜೆಯ ನೀರಿಗೆಂದು ಹಸುವನ್ನು ಹಿಡಿದು ತೊಟ್ಟಿಯ ಆ ಬದಿಯಲ್ಲಿ ನಿಂತಿದ್ದಳು.

“ಅಂಗ್ಡಿಲಿ ನಮ್ ಹುಡ್ಗ ಬಿಳಿಗಿರಿ ಅವ್ನೆ ಸಾ,” ಎಂದ ಶಿವಮಲ್ಲು. “ಎರಡು ತರದ್ದೂ ಅವ ಅಂತನ. ದಪ್ಪ ಎಷ್ಟು ಅಂತ ಕೇಳ್ತಾವ್ನ. ನೀವೇ ಅಳ್ದು ಏಳ್ಬುಡಿ.”

ಫೋನನ್ನು ಮುಂದೆ ಚಾಚಿದ.

ಶಿವಮಲ್ಲುವೇ ಹೇಳಬಹುದಿತ್ತು. ಅವನಿಗೆ ಸೋಮವಾರದಿಂದಲೂ ಗೊತ್ತಿತ್ತು. ವೃಷಭೇಂದ್ರ ಅವನ ಮುಖದಲ್ಲಿ ಗೆದ್ದ ನಗುವಿಗಾಗಿ ಹುಡುಕಿದ. ಪ್ರಯೋಗಶಾಲೆಯಲ್ಲಿ ಮೇಷ್ಟರು ಓದಿ ಹೇಳುವ ತನಕ ಪೆನ್ಸಿಲು ಹಿಡಿದು ಕಾಯುತ್ತಿದ್ದ ಹುಡುಗನ ಮುಖವೇ ಅಲ್ಲಿತ್ತು. ಈ ಹುಡುಗನನ್ನು ದ್ವೇಷಿಸುವುದು ಸುಲಭವಾಗಿದ್ದಿದ್ದರೆ ಈ ನಾಲ್ಕು ದಿನ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವನು ಟ್ರೇ ಕಳಚಿದ ಹಳೆಯ ಡಿಸ್ಕನ್ನು ವರ್ನಿಯರಿನ ದವಡೆಗಳ ನಡುವೆ ಹಿಡಿದ. ತೊಟ್ಟಿಯ ಆಚೆ ಹಸು ನೀರು ಕುಡಿಯುವುದನ್ನು ನಿಲ್ಲಿಸಿತು, ರಂಜಿತ ಹಗ್ಗ ಎಳೆಯಲಿಲ್ಲ. ಬೆಳಿಗ್ಗೆ ಕೇಳಿದ ಹನ್ನೆರಡೂವರೆ ಅವಳ ಕಿವಿಯಲ್ಲಿ ಇನ್ನೂ ಇದ್ದೇ ಇರಬೇಕು. ಮಾಪಕ 9.7 ತೋರಿಸಿತು. 0.2 ಕಳೆದ. ಒಂದು ಸಲವೇ ಸಾಕಾಗಿತ್ತು, ಎರಡನೆಯ ಸಲ ಹಿಡಿಯಲಿಲ್ಲ.

ಫೋನು ತೆಗೆದುಕೊಂಡು, ತಾನು ಮೊದಲು ಅಳೆದದ್ದು ತಪ್ಪಾಗಿತ್ತು, ಟ್ರೇ ಸೇರಿಸಿ ಅಳೆದುಬಿಟ್ಟಿದ್ದೆ ಎಂದು ಬಿಳಿಗಿರಿಗೆ ಕೇಳುವಷ್ಟು, ರಂಜಿತಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಆಮೇಲೆ ದಪ್ಪ ಹೇಳಿದ: 9.5 ಮಿಲಿಮೀಟರ್.